ಬಳಿಗಾರ್ತಿ ಬಾಳವ್ವ

ಭಾಳ ಹಿಂದಿನ ಮಾತು. ಎಷ್ಟು ಹಿಂದ ಅಂತ ಹೇಳೂ ಮಂದಿ ಈಗ ಯಾರೂ ಉಳಿದಿಲ್ಲ. ನಮ್ಮೂರಾಗ ಬಾಳವ್ವ ಅಂತ ಒಬ್ಬಾಕಿ ಮುದುಕಿ ಬಳಿಗಾರ್ತಿ ಇದ್ದಳಂತ. ಹನ್ನೆರಡು ಹಳ್ಳಿ ಹೆಣ್ಮಕ್ಕಳ ಕೈ ಅಕಿಗೆ ಗೊತ್ತಿದ್ವಂತ. ಕೈ ಹಿಡಿದ್ರ ಸಾಕು, ಈಕಿ ನಿನ್ನೆ ಉಂಡಿಲ್ಲ, ಈಕಿ ಬಸರಿ ಅದಾಳ ಅಂತ ಹೇಳ್ತಿದ್ದಳಂತ. ಒಡೆದ ಬಳಿ ಮ್ಯಾಲೆ ಊದಿದ್ರ ಕೂಡತಿದ್ವು ಅಂತಾನೂ ಅಂತಾರ. ಅದನ್ನ ನಾ ನಂಬೂದಿಲ್ಲ, ನೀವು ನಂಬೂದಾದ್ರ ನಂಬ್ರಿ.

ಅದೇ ಕಾಲಕ್ಕ ಅಡಿವೆಪ್ಪ ಅನ್ನೂ ಕುಡುಕ ಒಬ್ಬ ಇದ್ದ. ಹೇಳಾಕ ನಾಚಿಕಿ ಬರ್ತೈತಿ, ಅಂವ ನಮ್ಮ ಮನಿತನದಾಂವನ. ಹೊತ್ತು ಇಳಿದ್ರ ಅವನ ಕಾಲು ತಾವ ಸೆರೆ ಅಂಗಡಿ ಕಡೆ ನಡೀತಿದ್ವಂತ. ಕುಡದು ಬಂದ್ರ ಹೆಣ್ತಿ ಈರವ್ವನ ಕೈ ತಿರುವಾಂವ. ಬಳಿ ಒಡಿಯಾವು. ಗಂಡ ಬದುಕಿದ್ರೂ ಅಕಿ ಬರಿಗೈಲೆ ಬಾವಿಗೆ ಹೋಗಾಕಿ. ಊರ ಮಂದಿ ನೋಡಿದ್ರೂ ನೋಡಧಂಗ ಇದ್ರಂತ. ನಮ್ಮ ಮಂದಿನೂ.

ಒಂದಿನ ಈರವ್ವ ಬಾಳವ್ವನ ಹತ್ತರ ಬಂದು, ಇನ್ನೊಮ್ಮೆ ಕೈ ಎತ್ತಿದ್ರ ತವರಿಗೆ ಹೋಗ್ತೀನಿ, ತಿರುಗಿ ಬರೂದಿಲ್ಲ ಅಂದಳಂತ. ಬಾಳವ್ವ ಅಡಿವೆಪ್ಪನ್ನ ಕರಸಿದಳು. ಬೈಲಿಲ್ಲಂತ, ಆಣಿ ಹಾಕಸಲಿಲ್ಲಂತ. ದಿನಾ ಹೊತ್ತು ಇಳಿಯೂ ಮುಂದ ಬಂದು ನನ್ನ ಕೈಗೆ ಗಾಜಿನ ಬಳಿ ಏರಸು ಅಂದಳಂತ.

ನಗಬ್ಯಾಡ್ರಿ. ಬಳಿ ಏರಸೂದು ಹುಡುಗಾಟ ಅಲ್ಲ. ಗೆಣ್ಣು ಎಲ್ಲಿ ಅದಾವು, ತೊಗಲು ಎಲ್ಲಿ ಸಡಿಲ ಐತಿ, ಬೆರಳಿಗೆ ತಿಳೀಬೇಕು. ಅವನ ಮನಸ್ಸು ಒಂದು ಗಳಿಗಿ ಸೆರೆ ಅಂಗಡಿಗೆ ಹೋತಂದ್ರ ಬಳಿ ಚಟ್ಟಂತ ಒಡೀತಿತ್ತು. ಮುದುಕಿ ಕೈಯಾಗ ರಕ್ತ. ಅಡಿವೆಪ್ಪ ಎದ್ದು ಓಡಾಕ ನೋಡಾಂವ. ಅವಾಗ ಬಾಳವ್ವ ಆಡಿದ ಮಾತನ್ನ ನಮ್ಮ ಮನ್ಯಾಗ ಇವತ್ತಿಗೂ ಹೇಳ್ತಾರ.

"ನಾಚಿಕಿ ಆತು ಅಂತ ಓಡ್ತಿ, ಓಡಿ ಹೋಗಿ ಕುಡೀತಿ. ಕೂಡು. ಎದಿಯಾಗ ಅದು ಹೆಂಗ ಏರತೈತಿ ನೋಡು. ಇಳಿಯೂ ಮಟ ನೋಡು. ಆಮ್ಯಾಲೆ ಇನ್ನೊಂದು ಬಳಿ ತಗೋ."

ಕೂತ. ನೋಡಿದ. ಏರಿತು, ಇಳೀತು. ಮರುದಿನ ಮತ್ತ ಬಂದ. ನಡುವ ಎರಡು ಸಲ ತಪ್ಪಿಸಿಕೊಂಡು ಕುಡದಾನೂ ಕುಡದ. ಎಲ್ಲಿದ್ದಿ ಅಂತ ಬಾಳವ್ವ ಕೇಳಲಿಲ್ಲ, ಬಳಿ ಮುಂದ ಇಟ್ಟಳಂತ. ಮುಂಗಾರಿ ಮುಗದು ಹಿಂಗಾರಿ ಬರೂದ್ರಾಗ, ಒಂದೂ ಒಡೀಧಂಗ ಮುದುಕಿ ಕೈತುಂಬ ಬಳಿ ಏರಿಸಿದನಂತ.

ಇನ್ನ ನಿನ್ನ ಹೆಣ್ತಿಗೆ ತೊಡಸು ಅಂತ ಬಾಳವ್ವ ಹಸರು ಬಳಿ ಕೊಟ್ಟು ಕಳಿಸಿದಳು. ಈರವ್ವ ಹೆದರ್ಕೋತ ಕೈ ಚಾಚಿದಳು. ಬಲಗೈಗೆ ಸಲೀಸ ಏರಿದ್ವು. ಎಡಗೈಗೆ ಒಂದೂ ಏರಲಿಲ್ಲ. ಅಡಿವೆಪ್ಪ ಕಣ್ಣು ಮುಚ್ಚಿ ಬೆರಳಾಡಿಸಿದ. ಹೆಬ್ಬೆರಳ ಬುಡದಾಗ ಎಲುಬು ಮುರದು ಸೊಟ್ಟಗ ಕೂಡಿತ್ತು. ಇದು ಯಾವಾಗ ಆತು ಅಂತ ಕೇಳಿದನಂತ.

"ನೀನ ಮುರದಿ," ಅಂದಳು ಈರವ್ವ. "ನಿನಗ ನೆನಪಿಲ್ಲ."

ಆ ಹೊತ್ತಿಗೆ ಅವಗ ಎಂದೂ ಇಲ್ಲದಷ್ಟು ಕುಡೀಬೇಕು ಅನಸ್ತಂತ. ಎದ್ದು ಓಡಿದ್ರ ಎಲ್ಲಾ ಮುಗೀತಿತ್ತು. ಓಡಲಿಲ್ಲ. ಆ ಸೊಟ್ಟ ಎಲುಬಿನ ಮ್ಯಾಲೆ ಬೆರಳಿಟ್ಟು, ನಾಚಿಕಿ ಇಳೀಲಿ ಅಂತ ಕೂತ. ಇಳೀಲೇ ಇಲ್ಲ ಅಂತಾರ. ಆದ್ರೂ ಕೂತ. ಈರವ್ವ ಕೈ ಎಳಕೊಳ್ಳಲಿಲ್ಲಂತ, ತವರಿಗೂ ಹೋಗಲಿಲ್ಲಂತ.

ಬಾಳವ್ವನ ನೆನಪಿಗೆ ನಮ್ಮೂರ ಗಂಡಸರು ವರ್ಷಕ್ಕೊಮ್ಮೆ ಹೆಣ್ತಿಗೆ ತಾವ ಬಳಿ ತೊಡಸ್ತೀವಿ. ತೊಡಸೂ ಮೊದಲ ಅಕಿ ಕೈ ಹಿಡಿದು, ಎಲ್ಲಿ ನೋವೈತಿ ಅಂತ ಎಲ್ಲಾರ ಮುಂದ ಕೇಳಬೇಕು. ಭಾಳ ಮಂದಿ ಹೆಣ್ಮಕ್ಕಳು ಎಲ್ಲೂ ಇಲ್ಲ ಅಂತ ನಗತಾರ. ಒಂದು ವರ್ಷ ನಮ್ಮಾಕಿ ನಗಲಿಲ್ಲ. ಸೆರಗು ಸರಿಸಿ ಹೆಗಲು ತೋರಿಸಿದಳು. ನಾ ತಲಿ ಎತ್ತಲಿಲ್ಲ. ಎದ್ದೂ ಹೋಗಲಿಲ್ಲ.