ಕೊಪ್ಪರಿಗೆಯ ಸುಳಿಗಳು

ಶಿಷ್ಯ ಮರುಳಯ್ಯ ಒಂದು ದಿನ ಗುರುಗಳನ್ನು ಕೇಳಿದ:

“ಗುರುಗಳೇ, ಸೂರ್ಯನ ಕಾವು ಭೂಮಿಯ ನಡುಭಾಗಕ್ಕೆ ಹೆಚ್ಚು ಬೀಳುತ್ತದೆ, ಎರಡು ತುದಿಗಳಿಗೆ ಕಡಿಮೆ. ಆದರೂ ನಡುಭಾಗ ಬೆಂದುಹೋಗಿಲ್ಲ. ಭೂಮಂಡಲವನ್ನೇ ಸುತ್ತಿ ಹರಿಯುವ ಮಹಾಗಾಳಿಗಳು ಆ ಕಾವನ್ನು ಹೊತ್ತು ಹಂಚುತ್ತವೆ. ಅದನ್ನು ನೆನೆದರೆ ನನ್ನ ಎದೆ ಉಬ್ಬುತ್ತದೆ. ಆದರೆ ಆ ಹರಿವಿನ ನಡುವೆ ಎಲ್ಲೆಲ್ಲೋ ಎದ್ದು, ಒಂದಿಷ್ಟು ದಿನ ಸುತ್ತಿ, ಇಲ್ಲವಾಗುವ ಸುಳಿಗಾಳಿಗಳಿವೆಯಲ್ಲ, ಅವು ಏತಕ್ಕೆ? ಅಷ್ಟು ದೊಡ್ಡ ಏರ್ಪಾಡಿನಲ್ಲಿ ಭಗವಂತ ಈ ಗಲಿಬಿಲಿಯನ್ನು ಯಾಕೆ ಬಿಟ್ಟ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಕಬ್ಬು ಬೆಳೆದು ತನ್ನ ಆಲೆಮನೆಯಲ್ಲೇ ಬೆಲ್ಲ ಮಾಡುತ್ತಿದ್ದ. ಸುಗ್ಗಿಯ ಮೊದಲ ಬೆಲ್ಲ ಊರ ದೇವರ ನೈವೇದ್ಯಕ್ಕೆ ಅವನ ಮನೆಯಿಂದಲೇ ಹೋಗಬೇಕು. ಮುತ್ತಜ್ಜನ ಕಾಲದಿಂದ ನಡೆದುಬಂದ ಮರ್ಯಾದೆ ಅದು. ಒಂದು ವರ್ಷ ತಪ್ಪಿದರೆ ಆ ಮರ್ಯಾದೆ ಬೇರೆ ಮನೆಗೆ.

ಆ ವರ್ಷ ಅವನು ಹೊಸ ಕೊಪ್ಪರಿಗೆ ತರಿಸಿದ. ಸುತ್ತಲ ಹಳ್ಳಿಗಳಲ್ಲಿ ಅಷ್ಟು ಅಗಲದ್ದು ಇರಲಿಲ್ಲ. ನೈವೇದ್ಯದ ದಿನ ಬೆಳಗಾಗುತ್ತಲೇ ಒಲೆ ಹೊತ್ತಿಸಿದ. ಕಬ್ಬಿನ ಹಾಲು ನಡುವಿನಲ್ಲಿ ಮೇಲೆದ್ದು, ಸುತ್ತಲೂ ಅಂಚಿನತ್ತ ಹರಿದು, ಅಂಚಿನಲ್ಲಿ ಕೆಳಗಿಳಿದು, ತಳದಿಂದ ಮತ್ತೆ ನಡುವಿಗೆ ಬರುತ್ತಿತ್ತು. ರೈತ ಮೀಸೆಯ ಮೇಲೆ ಕೈಯಿಟ್ಟುಕೊಂಡು ಆ ಹರಿವನ್ನು ನೋಡಿದ. ಬಂದವರನ್ನೆಲ್ಲ ಕರೆದು ತೋರಿಸಿದ.

ಆದರೆ ಆ ಹರಿವಿನ ಮೈಮೇಲೆಲ್ಲ ಅಂಗೈಯಗಲದ ಸುಳಿಗಳು ಏಳುತ್ತಿದ್ದವು. ಒಂದು ಅಡಗಿದರೆ ಪಕ್ಕದಲ್ಲಿ ಇನ್ನೊಂದು. ಹೊಸ ಪಂಚೆಗೆ ಬಿದ್ದ ಕಲೆಯಂತೆ ಅವು ಅವನ ಕಣ್ಣಿಗೆ ಚುಚ್ಚಿದವು.

ಹಾಲಿನ ಕೊಳೆ ತೆಗೆಯಲು ಬೆಂಡೆಗಿಡ ಜಜ್ಜಿ ಅದರ ಲೋಳೆ ಹಾಕುವುದು ಆಲೆಮನೆಯ ವಾಡಿಕೆ. ಲೋಳೆ ಬಿದ್ದ ಕಡೆ ಹಾಲು ಮಂದವಾಗಿ ಸುಳಿ ಅಡಗುವುದನ್ನು ರೈತ ಕಂಡ. ಕೊಳೆ ಆಗಲೇ ಹೋಗಿತ್ತು. ಆದರೂ ಇನ್ನಷ್ಟು ಸುರಿದ. ಕಡೆಗೆ ಲೋಳೆಯ ಕೊಡವನ್ನೇ ಬಗ್ಗಿಸಿದ. ಒಂದು ಸುಳಿಯೂ ಉಳಿಯಲಿಲ್ಲ.

ಅವನ ಹೆಂಡತಿಯ ತಮ್ಮ ಪಕ್ಕದ ಊರಿನವನು, ಅವನದೂ ಆಲೆಮನೆ. ಅವನು ಬಂದು ಇಣುಕಿದ.

“ಭಾವ, ಬೆಲ್ಲ ಕಾಯಿಸುತ್ತಿದ್ದೀರೋ, ಮುಖ ನೋಡಿಕೊಳ್ಳಲು ಕನ್ನಡಿ ಮಾಡುತ್ತಿದ್ದೀರೋ?”

“ದೊಡ್ಡ ಕೊಪ್ಪರಿಗೆಯ ಗಾಂಭೀರ್ಯ ಇದು. ನಿನ್ನ ಮನೆಯ ಚಟ್ಟಿಯಲ್ಲಿ ಇದೆಲ್ಲ ಬರುವುದಿಲ್ಲ ಬಿಡು.”

ಅಷ್ಟರಲ್ಲಿ ಸೀದ ವಾಸನೆ ಬಂತು. ಕಾವು ನಡುವಿನಲ್ಲೇ ಕೂತು ತಳ ಹಿಡಿದಿತ್ತು. ಅಂಚಿನ ಹಾಲು ಇನ್ನೂ ಹಸಿಯಾಗಿತ್ತು. ರೈತ ದೊಡ್ಡ ಹರಿವಿಗಾಗಿ ಹುಡುಕಿದ. ನಡುವಿನಿಂದ ಅಂಚಿಗೆ ಹೋಗುತ್ತಿದ್ದ, ಅವನು ಊರಿಗೆಲ್ಲ ತೋರಿಸಿದ್ದ ಆ ಹರಿವೂ ನಿಂತುಹೋಗಿತ್ತು.

ಭಾವಮೈದುನ ನಗಲಿಲ್ಲ. ದನಿ ತಗ್ಗಿಸಿ ಹೇಳಿದ:

“ನಮ್ಮ ಮನೆಯಲ್ಲಿ ನಿನ್ನೆಯ ಬೆಲ್ಲದ ಅಚ್ಚುಗಳಿವೆ. ಒಳ್ಳೆಯ ಬಣ್ಣ ಬಂದಿದೆ. ತಂದುಕೊಡುತ್ತೇನೆ, ನಿಮ್ಮದೆಂದೇ ಕಳಿಸಿ. ಬೆಲ್ಲದ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ.”

“ಊರಿಗೆ ತಿಳಿಯದಿರಬಹುದಪ್ಪ. ಯಾರ ಮುಂದೆ ಇಡುತ್ತೇನೋ ಅವನಿಗೆ ತಿಳಿಯುವುದಿಲ್ಲವೇ? ಮರ್ಯಾದೆ ಹೋದರೆ ನನ್ನ ಬೆಲ್ಲದಿಂದಲೇ ಹೋಗಲಿ.”

ಹಾಗೆಂದವನೇ ಕೊಪ್ಪರಿಗೆ ಬರಿದುಮಾಡಿಸಿದ. ತಳವನ್ನು ತಾನೇ ಕೂತು ಉಜ್ಜಿದ. ನಡುವೆ ಕಪ್ಪು, ಅಂಚಿನಲ್ಲಿ ಒಂದು ಕಲೆಯೂ ಇಲ್ಲ. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹೊಸ ಕಬ್ಬು ಕಡಿಸಿ ಗಾಣಕ್ಕೆ ಕೊಡಿಸಿದ.

ಎರಡನೆಯ ಹಾಲು ಕಾಯಿತು. ಕೊಳೆ ತೆಗೆಯಲು ಎಷ್ಟು ಬೇಕೋ ಅಷ್ಟೇ ಲೋಳೆ ಹಾಕಿದ. ಸುಳಿಗಳು ಮತ್ತೆ ಎದ್ದವು. ಕೈ ತಾನಾಗಿ ಲೋಳೆಯ ಕೊಡದತ್ತ ಹೋಯಿತು. ರೈತ ಆ ಕೈಯನ್ನು ಹಿಂದಕ್ಕೆಳೆದುಕೊಂಡು, ಬಗ್ಗಿ ಒಂದೇ ಒಂದು ಸುಳಿಯನ್ನು ಕಣ್ಣಲ್ಲೇ ಹಿಂಬಾಲಿಸಿದ. ಅದು ನಡುವಿನ ಬಿಸಿ ಹಾಲನ್ನು ಸುತ್ತಿಕೊಂಡು ಅಂಚಿನ ತಣ್ಣನೆಯ ಹಾಲಿನೊಳಗೆ ಹೊಕ್ಕಿತು. ಬಿಸಿಯನ್ನು ಅಲ್ಲಿ ಬಿಟ್ಟು ತಾನು ಇಲ್ಲವಾಯಿತು. ಅದರ ಹಿಂದೆ ಇನ್ನೊಂದು ಬಂತು. ಅವು ಹೀಗೆ ಬರುತ್ತಿದ್ದ ಹಾಗೆ ದೊಡ್ಡ ಹರಿವು ಮತ್ತೆ ಮೈದುಂಬಿತು.

ಹೊತ್ತು ಮುಳುಗುವ ಮೊದಲೇ ಬೆಲ್ಲ ಅಚ್ಚಿನಿಂದ ಬಿದ್ದಿತು. ಹೊಂಬಣ್ಣ, ಒಂದೇ ಹದ. ರೈತ ತಟ್ಟೆಯನ್ನು ತಲೆಯ ಮೇಲೆ ಹೊತ್ತು, ಎದೆ ಸೆಟೆದು, ಊರ ನಡುಬೀದಿಯಲ್ಲೇ ಗುಡಿಗೆ ನಡೆದ. ಮರುದಿನದಿಂದ ಆಲೆಮನೆಗೆ ಬಂದವರಿಗೆ ಅವನು ಕೊಪ್ಪರಿಗೆಯ ಅಗಲ ಹೇಳುವುದನ್ನು ಬಿಟ್ಟ. ಬಗ್ಗಿ ಬೆರಳು ಮಾಡಿ, “ನನ್ನ ಸುಳಿಗಳನ್ನು ನೋಡಿ” ಎನ್ನುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮರುಳಯ್ಯ ತಲೆದೂಗಿದ. “ತಿಳಿಯಿತು ಗುರುಗಳೇ. ಆಕಾಶದಲ್ಲೂ ಕಾವನ್ನು ತುದಿಗೆ ಮುಟ್ಟಿಸುವಾಗ ಸುಳಿಗಳು ಮಹಾಗಾಳಿಗೆ ಒಂದಿಷ್ಟು ಕೈನೆರವು ಕೊಡುತ್ತವೆ ಅನ್ನಿ.”

ಗುರುಗಳು ಹೇಳಿದರು: “ಆ ನೆರವಿನವರನ್ನೆಲ್ಲ ಬದಿಗೆ ಸರಿಸಿ, ಆಮೇಲೆ ಉಳಿಯುವ ನಿನ್ನ ಮಹಾಗಾಳಿಯನ್ನು ನನಗೊಮ್ಮೆ ತೋರಿಸು.”