ನೆತ್ತಿ ತಟ್ಟುತ್ತಿದ್ದ ನೇಕಾರ

“ಒಳ್ಳೆಯದನ್ನೇ ಕೊಟ್ಟರೂ ತೆಗೆದುಕೊಳ್ಳದವನಿಗೆ ಏನು ಮಾಡಬೇಕು, ಗುರುಗಳೇ?” ಎಂದು ಶಿಷ್ಯ ಕೇಳಿದ.

ಪಕ್ಕದ ಊರಿನಲ್ಲಿ ನಾಲ್ಕು ತಿಂಗಳು ಪಾಠ ಹೇಳಿ ಅವನು ಅಂದೇ ಮಠಕ್ಕೆ ಮರಳಿದ್ದ. ಅಲ್ಲಿ ಒಬ್ಬ ಗಾಣಿಗ ದಿನವೂ ಬಂದು ಮುಂದೆಯೇ ಕೂರುತ್ತಿದ್ದನಂತೆ, ದಿನವೂ ಅರ್ಧಕ್ಕೇ ಎದ್ದು ಹೋಗುತ್ತಿದ್ದನಂತೆ. “ಎಷ್ಟು ತಿಳಿಯಾಗಿ ಹೇಳಬಹುದೋ ಅಷ್ಟು ತಿಳಿಯಾಗಿ ಹೇಳಿದೆ. ಆದರೂ ಏಳುತ್ತಿದ್ದ. ಗಾಣದ ಕೆಲಸ ನೆನಪಾಗಿರಬೇಕು ಅಂದುಕೊಂಡು ನಾನು ಪಾಠ ಮುಂದುವರಿಸುತ್ತಿದ್ದೆ,” ಎಂದ.

ಗುರುಗಳು ಅವನನ್ನು ಒಮ್ಮೆ ನೋಡಿ ಕತೆ ಶುರು ಮಾಡಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಲಕ್ವ ಹೊಡೆಯಿತು. ಎರಡು ತಿಂಗಳಲ್ಲಿ ಕೈಕಾಲು ತಕ್ಕಮಟ್ಟಿಗೆ ಸರಿಹೋದವು, ಮಾತೂ ಮರಳಿತು. ಗಂಟಲು ಮಾತ್ರ ಮೊದಲಿನಂತಾಗಲಿಲ್ಲ. ನೀರು ಕುಡಿದರೆ ನೆತ್ತಿಗೇರುತ್ತಿತ್ತು, ಕೆಮ್ಮು ಹಿಡಿದರೆ ಬೇಗ ಬಿಡುತ್ತಿರಲಿಲ್ಲ.

ನೆತ್ತಿಗೇರಿದರೆ ನಾವೇನು ಮಾಡುತ್ತೇವೆ? ತಲೆ ತಟ್ಟಿ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತೇವೆ. ನಗಬೇಡ, ನಿನ್ನ ನೆತ್ತಿಯನ್ನು ನಾನೇ ಎಷ್ಟು ಸಲ ತಟ್ಟಿದ್ದೇನೋ. ನೇಕಾರನೂ ಅದನ್ನೇ ಮಾಡಿದ. ಅವರಿಗೆ ಒಬ್ಬಳೇ ಮಗಳು, ಎರಡು ದಿನದ ಹಾದಿಯ ಊರಿಗೆ ಕೊಟ್ಟಿದ್ದರು. ಹೆಂಡತಿ ಕೆಮ್ಮಿದಾಗಲೆಲ್ಲ ಅವನು ನೆತ್ತಿ ತಟ್ಟಿ, “ಮಗಳು ನೆನಸಾಕತ್ಯಾಳ ನೋಡು,” ಎನ್ನುತ್ತಿದ್ದ. ಆ ಮಾತು ಹೇಳುವುದರಲ್ಲಿ ಅವನಿಗೊಂದು ಸುಖವಿತ್ತು, ಹಾಗಾಗಿ ಅದು ನಿಜವೋ ಅಲ್ಲವೋ ಎಂದು ನೋಡಲು ಹೋಗಲಿಲ್ಲ. ಮೊದಮೊದಲು ಅವಳೂ ನಗುತ್ತಿದ್ದಳು.

ಅವನಿಗೆ ಅವಳ ಮೇಲೆ ಪ್ರಾಣವೇ ಇತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಗಂಜಿ ಕುಡಿದರೆ ಕೆಮ್ಮುತ್ತಾಳೆ ಎಂದು ಅಗುಳು ತೆಗೆದು ತಿಳಿ ಮಾತ್ರ ಕೊಟ್ಟ. ಅದಕ್ಕೂ ಕೆಮ್ಮಿದಳು. ಆ ತಿಳಿಯನ್ನೂ ಬಟ್ಟೆಯಲ್ಲಿ ಸೋಸಿ ಕೊಟ್ಟ. ಮಜ್ಜಿಗೆಗೆ ಇನ್ನಷ್ಟು ನೀರು ಬೆರೆಸಿದ. ದೂರದ ಸಿಹಿನೀರಿನ ಬಾವಿಯಿಂದ ಕೊಡ ಹೊತ್ತು ತಂದ. ತೆಳುವಾದಷ್ಟೂ ಸಲೀಸಾಗಿ ಇಳಿಯುತ್ತದೆ ಎಂದು ನಂಬಿದ್ದ. ತೆಳುವಾದಷ್ಟೂ ಕೆಮ್ಮು ಹೆಚ್ಚಾಯಿತು. ಅವನು ತಟ್ಟುವುದೂ ಹೆಚ್ಚಾಯಿತು.

ಹೆಂಡತಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕೇಳಿದರೆ ಬಾಯಾರಿಕೆ ಇಲ್ಲ ಎನ್ನುವಳು. ತುಟಿ ಒಡೆಯಿತು, ಮೈ ಇಳಿಯಿತು, ಎರಡು ಸಲ ಜ್ವರ ಬಂದು ಹೋಯಿತು. ಇನ್ನೂ ಸ್ವಲ್ಪ ದಿನ ಹೀಗೇ ಹೋಗಿದ್ದರೆ, ಪಕ್ಕದಲ್ಲಿ ತುಂಬಿದ ಕೊಡ ಇಟ್ಟುಕೊಂಡೇ ಅವಳು ಬಾಯಾರಿ ಸಾಯುತ್ತಿದ್ದಳು.

ಅಷ್ಟರಲ್ಲಿ ಮಗಳು ತಾಯಿಯನ್ನು ನೋಡಲು ಬಂದಳು. ಮೂವರೂ ಊಟಕ್ಕೆ ಕೂತರು. ತಾಯಿ ಒಂದು ಗುಟುಕು ನೀರು ಕುಡಿದು ಕೆಮ್ಮತೊಡಗಿದಳು. ನೇಕಾರನ ಕೈ ತಾನಾಗಿ ಮೇಲೆ ಹೋಯಿತು.

“ಮಗಳು ನೆನಸಾಕತ್ಯಾಳ,” ಎಂದ.

“ನಾ ಇಲ್ಲೇ ಕುಂತೀನಲ್ಲಪ್ಪ,” ಎಂದಳು ಮಗಳು.

ಕೈ ನೆತ್ತಿಯ ಮೇಲೆ ಹಾಗೇ ನಿಂತಿತು. ಆಗ ಅವನು ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಲೋಟವನ್ನು ಎರಡೂ ಕೈಯಿಂದ ದೂರ ತಳ್ಳುತ್ತಿದ್ದಳು. ಅವಳಿಗೆ ನೀರೆಂದರೆ ಹೆದರಿಕೆಯಾಗಿತ್ತು. ಇಷ್ಟು ದಿನ ಪಕ್ಕದಲ್ಲೇ ಕೂತೂ ತನಗದು ಕಾಣಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಊಟ ಬಿಟ್ಟು ಎದ್ದವನೇ ವೈದ್ಯನನ್ನು ಕರೆತಂದ.

ವೈದ್ಯ ಅವಳ ಗಂಟಲ ಮೇಲೆ ಬೆರಳಿಟ್ಟು, ಒಂದೇ ಒಂದು ಚಮಚ ನೀರು ಕುಡಿಸಿ ನೋಡಿದ. “ನೀರು ಓಡ್ತೈತಿ. ಈಕಿ ಗಂಟಲಾ ಈಗ ನಿಧಾನ ಆಗೈತಿ. ಅದು ಬಾಗಿಲಾ ಮುಚ್ಚೂದ್ರಾಗ ನೀರು ಉಸಿರಿನ ದಾರಿಗೆ ಹೊಕ್ಕಿರ್ತೈತಿ. ದಪ್ಪ ಮಾಡಿ ಕೊಡು. ನೆಟ್ಟಗ ಕುಂದ್ರಿಸಿ, ಗದ್ದಾ ತುಸು ಕೆಳಗ ಮಾಡಿಸಿ, ಚಮಚದಲೇ ಕೊಡು. ಒಂದು ಇಳಿದ ಮ್ಯಾಲ ಇನ್ನೊಂದು,” ಎಂದ.

“ಎಷ್ಟು ದಪ್ಪ?” ಎಂದು ನೇಕಾರ ಕೇಳಿದ.

“ನೂಲಿಗೆ ಗಂಜಿ ಹಾಕಾಂವ ನೀನು. ನನ್ನ ಕೇಳ್ತೀಯಲ್ಲ,” ಎಂದ ವೈದ್ಯ.

ಅವನದು ಮೂವತ್ತು ವರ್ಷ ನೂಲಿಗೆ ಗಂಜಿ ಕಾಸಿದ ಕೈ. ಗಂಜಿ ತೆಳುವಾದರೆ ಎಳೆಗೆ ಹಿಡಿಯುವುದಿಲ್ಲ, ಗಟ್ಟಿಯಾದರೆ ಎಳೆಗೆ ಎಳೆ ಅಂಟುತ್ತದೆ. ಸೌಟು ಓರೆ ಮಾಡಿ, ಅದು ಬೀಳುವುದನ್ನು ನೋಡಿಯೇ ಹದ ಹೇಳುತ್ತಿದ್ದ. ಅಂದು ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಸಿದ. ಗಾಬರಿಯಲ್ಲಿ ಮೊದಲ ಸಲ ಗಟ್ಟಿಯಾಗಿ, ಅವಳ ನಾಲಗೆಗೆ ಅಂಟಿ ಕೂತಿತು.

“ಅವ್ವನ್ನ ಮಗ್ಗಕ್ಕ ಏರಸ್ತೀಯೇನಪ್ಪ?” ಎಂದು ಮಗಳು ನಕ್ಕಳು.

ಎರಡನೆಯ ಸಲ ಸೌಟು ಓರೆ ಮಾಡಿದಾಗ ಜೇನಿನ ಹಾಗೆ ನಿಧಾನವಾಗಿ ಬಿತ್ತು. ಗಂಟಿಲ್ಲದಂತೆ ಸೋಸಿ, ಆರಿಸಿ, ಚಿಟಿಕೆ ಉಪ್ಪು ಹಾಕಿ ತಂದ. ಅವಳನ್ನು ನೆಟ್ಟಗೆ ಕೂರಿಸಿ ಒಂದು ಚಮಚ ಕೊಟ್ಟ. ಎಲ್ಲರೂ ಕಾದರು. ಕೆಮ್ಮು ಬರಲಿಲ್ಲ. ಇನ್ನೊಂದು ಕೊಟ್ಟ. ಹೀಗೆ ಬಟ್ಟಲು ಖಾಲಿಯಾಗುವ ಹೊತ್ತಿಗೆ ಒಲೆಯೇ ಆರಿಹೋಗಿತ್ತು. ಕೊನೆಯ ಚಮಚ ಇಳಿದಾಗ, ರೂಢಿಯಂತೆ ಅವನ ಕೈ ನೆತ್ತಿಯತ್ತ ಎದ್ದೇ ಇತ್ತು.

ಹೆಂಡತಿ ಅದನ್ನು ನೋಡಿದಳು. “ಇವತ್ತ ಯಾರೂ ನೆನಸಲಿಲ್ಲ ನೋಡ್ರಿ,” ಎಂದಳು.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ನೇಕಾರ ಅದರಿಂದ ಅವಳ ತುಟಿ ಒರೆಸಿದ.

ಅಲ್ಲಿಂದ ಆ ಮನೆಯಲ್ಲಿ ದಿನವೂ ಎರಡು ಪಾತ್ರೆ ಗಂಜಿ ಕಾಯುತ್ತಿತ್ತು, ಒಂದು ನೂಲಿಗೆ, ಒಂದು ಅವಳಿಗೆ. ಅನ್ನ, ಬೇಳೆ, ಸೊಪ್ಪು ಎಲ್ಲವನ್ನೂ ಅವನು ನುಣ್ಣಗೆ ಕಿವುಚುತ್ತಿದ್ದ. ಒಂದರ ರುಚಿ ಇನ್ನೊಂದಕ್ಕೆ ಹತ್ತಬಾರದೆಂದು ಬೇರೆಬೇರೆಯಾಗಿಯೇ ಬಡಿಸುತ್ತಿದ್ದ. ಅವಳ ತುಟಿ ಮಾಯಿತು. ಬಾಯಾರಿದರೆ ಬಾಯಾರಿದೆ ಎಂದು ಕೇಳಿ ಪಡೆಯುತ್ತಿದ್ದಳು. ಇಬ್ಬರೂ ಬಹಳ ವರ್ಷ ಸುಖವಾಗಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಿತ್ತು.

“ತಿಳಿಯಿತು, ಗುರುಗಳೇ. ಪಾಠ ತೆಳುವಾಗಿದ್ದರೆ ಸಾಲದು. ಇನ್ನು ಮುಂದೆ ಹದ ಮಾಡಿ, ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹೇಳುತ್ತೇನೆ,” ಎಂದ.

“ಅದು ಆಮೇಲಿನ ಮಾತು. ಎದ್ದು ಹೋಗುವಾಗ ಆ ಗಾಣಿಗನ ಮುಖ ಹೇಗಿರುತ್ತಿತ್ತು, ಹೇಳು,” ಎಂದರು ಗುರುಗಳು.

“ನೋಡಲಿಲ್ಲ, ಗುರುಗಳೇ,” ಎಂದ ಶಿಷ್ಯ.