ಸಗಣಿಯಲ್ಲಿ ಮೊಳೆತ ಹಲಸು

"ಗುರುವೇ, ಊರ ಮುಂದೆ ಅವರು ನನ್ನನ್ನು ಕಳ್ಳ ಅಂದರು. ನಾನು ಕಳ್ಳನೇ?"

ಕೇಳಿದವನು ಮೂಡ್ಲಯ್ಯ. ಅವನ ಕೇರಿಯವರನ್ನು ಊರ ಶಾಲೆಯೊಳಗೆ ಬಿಡುತ್ತಿರಲಿಲ್ಲ. ಅವನು ಕಿಟಕಿಯ ಹೊರಗೆ ದನ ಮೇಯಿಸುತ್ತ ನಿಂತು, ಒಳಗಿನ ಹಲಗೆ ನೋಡಿ, ಮರಳಿನ ಮೇಲೆ ಗೀಚಿ ಓದು ಕಲಿತ. ಬಂದಷ್ಟನ್ನು ಕೇರಿಯ ಹೆಂಗಸರು ಗಂಡಸರು ಇಪ್ಪತ್ತು ಮಂದಿಗೆ ಕಲಿಸಿದ. ಅದು ಶಾಲೆಯ ಪಂಡಿತರ ಕಿವಿಗೆ ಬಿತ್ತು. ಅಕ್ಷರ ನಮ್ಮದು, ನಮ್ಮ ಕಿಟಕಿಯಿಂದ ಕದ್ದಿದ್ದೀಯ ಅಂದರು. ನಾಳೆ ಬೆಳಗ್ಗೆ ಎಲ್ಲರೆದುರು ನಿಂತು, ಇನ್ನು ಯಾರಿಗೂ ಕಲಿಸುವುದಿಲ್ಲವೆಂದು ಆಣೆ ಮಾಡಬೇಕು. ಇಲ್ಲವೆ ಊರು ಬಿಡಬೇಕು.

"ಅಕ್ಷರ ಅವರ ಕಿಟಕಿಯಿಂದಲೇ ಬಂದದ್ದು. ಅದು ಸುಳ್ಳಲ್ಲ. ನಾಳೆ ನಾನು ಏನು ಹೇಳಲಿ?"

ಗುರು ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸದೆ ಈ ಕತೆ ಹೇಳಿದ.

ಒಂದೂರಲ್ಲಿ ಒಬ್ಬ ಒಡೆಯನಿದ್ದ. ಅವನ ಹಿತ್ತಲಲ್ಲಿ ಒಂದು ಹಲಸಿನ ಮರ. ಅದರ ತೊಳೆ ಕೆಂಪು. ಸುತ್ತಲ ಏಳೂರಲ್ಲಿ ಅಂಥ ಹಣ್ಣು ಇನ್ನೊಂದಿಲ್ಲ. ಒಡೆಯನಿಗೆ ಹಣ್ಣಿಗಿಂತ 'ಇನ್ನೊಂದಿಲ್ಲ' ಅನ್ನುವ ಮಾತೇ ಹೆಚ್ಚು ಸಿಹಿ.

ಹಣ್ಣಿನ ಕಾಲದಲ್ಲಿ ಅವನು ಕೂಲಿಯವರಿಗೂ ಒಂದೆರಡು ಹಣ್ಣು ಕೊಯ್ಸಿ ಹಂಚುತ್ತಿದ್ದ. ಧರ್ಮಿಷ್ಠ ಅನ್ನಿಸಿಕೊಳ್ಳಬೇಕಲ್ಲ! ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಅಂಗಳದಲ್ಲಿ ಒಂದು ಮಂಕರಿ ಇಟ್ಟಿರುತ್ತಿದ್ದರು. ತೊಳೆ ತಿಂದವರು ಬೀಜವನ್ನು ಆ ಮಂಕರಿಗೆ ಉಗುಳಿಯೇ ಹೋಗಬೇಕು. ಪಕ್ಕದಲ್ಲಿ ಒಡೆಯನ ಆಳು ನಿಂತಿರುತ್ತಿದ್ದ. "ಎಲ್ಲಿ, 'ಆ' ಅನ್ನು" ಎನ್ನುತ್ತಿದ್ದ. ತಲೆ ನರೆತ ಮುದುಕರೂ ಬಾಯಿ ತೆರೆದು ತೋರಿಸುತ್ತಿದ್ದರು. ಉಗುಳಿದ ಬೀಜವನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಹಲಸಿನ ಬೀಜ ಒಣಗಿದರೆ ಸತ್ತ ಹಾಗೆ. ಸಾರಿಗೆ ಆದೀತು, ಮೊಳೆಯಲಾರದು. ಮೂರು ತಲೆಮಾರು ಹೀಗೇ ನಡೆಯಿತು. ಮರ ಒಂದೇ ಆಗಿ ಉಳಿಯಿತು.

ಆ ಮನೆಯ ಕೊಟ್ಟಿಗೆ ಬಾಚುವವಳು ಒಬ್ಬ ಕೂಲಿಯ ಹೆಂಗಸು. ಗಂಡನಿಲ್ಲದವಳು. ಅವಳ ದಿನದ ಕೂಲಿ ಎರಡು ಮುದ್ದೆ, ಬೆರಣಿ ತಟ್ಟಲು ಒಂದು ಮಂಕರಿ ಸಗಣಿ. ಇಪ್ಪತ್ತು ವರ್ಷದಿಂದ ಅಲ್ಲಿ ದುಡಿದರೂ ಅವಳು ಆ ಹಣ್ಣಿನ ಒಂದು ತೊಳೆಯನ್ನೂ ತಿಂದಿರಲಿಲ್ಲ.

ಆಳು ಕೇಳಿದ: "ಯಾಕವ್ವ, ನಿನಗೆ ಹಣ್ಣು ಅಂದರೆ ಆಗಲ್ವಾ?"

"ಹಣ್ಣು ಆಗುತ್ತೆ ಕಣಪ್ಪ. ನಿನಗೆ ಹಲ್ಲು ತೋರಿಸೋದು ಆಗಲ್ಲ. ನಾನೇನು ಸಂತೆಗೆ ಬಂದ ಎತ್ತೇ?"

ಹಣ್ಣಿನ ಸಿಪ್ಪೆಯನ್ನೂ ತೊಳೆಯ ಸುತ್ತಲ ನಾರಾದ ರಚ್ಚೆಯನ್ನೂ ದನಗಳಿಗೆ ಹಾಕುತ್ತಿದ್ದರು. ಒಂದು ವರ್ಷ ರಚ್ಚೆಯ ಸಂದಿನಲ್ಲಿ ಒಂದು ಬೀಜ ಉಳಿದಿತ್ತು. ದನ ಅದನ್ನು ಸಗಣಿಯೊಳಕ್ಕೆ ತುಳಿಯಿತು. ಹೆಂಗಸು ತನ್ನ ಪಾಲಿನ ಮಂಕರಿ ತುಂಬಿಕೊಂಡು ಮನೆಗೆ ಬಂದಳು. ಎರಡು ದಿನ ಜ್ವರ ಹಿಡಿದು ಬೆರಣಿ ತಟ್ಟಲಾಗಲಿಲ್ಲ. ಮೂರನೆಯ ದಿನ ಸಗಣಿಗೆ ಕೈ ಹಾಕಿದರೆ ಬೆರಳಿಗೆ ಗಟ್ಟಿ ಏನೋ ತಾಕಿತು. ನೋಡಿದಳು. ಬೀಜ ಸೀಳಿತ್ತು. ಅಕ್ಕಿಕಾಳಿನಷ್ಟು ಬಿಳಿಯ ಬೇರು ಹೊರಗೆ ಇಣುಕಿತ್ತು.

ಅವಳು ಅದನ್ನು ತೊಳೆಯಲೂ ಇಲ್ಲ. ಸಗಣಿಯ ಸಮೇತ ಒಂದು ಬಿರುಕು ಮಡಕೆಯಲ್ಲಿ ಮಣ್ಣು ತುಂಬಿ ಇಟ್ಟಳು. ಬೇರು ಕೆಳಮುಖ ಮಾಡಿದಳು, ಮೇಲೆ ಎರಡು ಬೆರಳಷ್ಟು ಮಣ್ಣು ಎಳೆದಳು. ಇಲಿ ಬಾರದಂತೆ ಒಲೆಯ ಮಗ್ಗುಲಲ್ಲಿಟ್ಟು ಕಾದಳು. ಹಲಸಿಗೆ ತಾಯಿಬೇರೇ ಪ್ರಾಣ, ಕಿತ್ತು ನೆಟ್ಟರೆ ಮುನಿಯುತ್ತದೆ. ಆದ್ದರಿಂದ ನಾಲ್ಕು ಎಲೆ ಬಂದ ಮೇಲೆ ಮಡಕೆಯ ತಳವನ್ನಷ್ಟೇ ತಟ್ಟಿ ಒಡೆದು, ಹಾಗೆಯೇ ಗುಡಿಸಲ ಹಿಂದಿನ ಗುಂಡಿಗೆ ಇಳಿಸಿದಳು. ಸುತ್ತ ಜಾಲಿಮುಳ್ಳು ನೆಟ್ಟಳು.

ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಕೇಳೋಣವೆಂದರೆ ಆ ಊರಲ್ಲಿ ಹಲಸು ನೆಟ್ಟವರೇ ಇರಲಿಲ್ಲ. ಗಿಡವನ್ನು ನೋಡಿ ನೋಡಿ ಗಿಡದಿಂದಲೇ ಕಲಿತಳು.

ಮೂರನೆಯ ವರ್ಷ ಒಂದು ಆಡು ಮುಳ್ಳು ಹಾರಿತು. ಹಲಸಿನೆಲೆ ಅಂದರೆ ಆಡಿಗೆ ಹಬ್ಬದೂಟ. ಸಂಜೆ ಅವಳು ಬಂದು ನೋಡಿದರೆ ಗೇಣುದ್ದದ ಬೋಳು ಕಡ್ಡಿ ನಿಂತಿತ್ತು. ಆ ಬೇಸಗೆಯಲ್ಲಿ ಕೊಡ ನೀರಿಗೆ ಅರ್ಧ ಹರದಾರಿ ನಡೆಯಬೇಕು. ಅವಳು ಮುದ್ದೆಗೆ ಎಸರಿಟ್ಟಷ್ಟೇ ನೀರನ್ನು ಕಡ್ಡಿಯ ಬುಡಕ್ಕೂ ಹಾಕಿದಳು. ಕೈ ತೊಳೆದದ್ದು ಅಲ್ಲಿಗೇ, ಪಾತ್ರೆ ತೊಳೆದದ್ದು ಅಲ್ಲಿಗೇ. ತಿಂಗಳಾದ ಮೇಲೆ ಕಡ್ಡಿಯ ಮಗ್ಗುಲಿಂದ ಚಿಗುರು ಬಂತು.

ಪಕ್ಕದ ಗುಡಿಸಲವಳು ನಕ್ಕಳು. "ಅಕ್ಕಾ, ನೀನು ಹಣ್ಣು ತಿನ್ನೋ ಹೊತ್ತಿಗೆ ಬಾಯಲ್ಲಿ ಒಂದು ಹಲ್ಲೂ ಇರಲ್ಲ ನೋಡು."

"ಇಲ್ಲದಿದ್ದರೆ ನುಂಗ್ತೀನಿ ಬಿಡೇ. ತೊಳೆಗೆ ಹಲ್ಲು ಯಾಕೆ?"

ಒಂಬತ್ತನೆಯ ವರ್ಷ ಮರ ಕಾಯಿ ಬಿಟ್ಟಿತು. ಹತ್ತು ಕಾಯಿ. ಮೊದಲನೆಯದು ಹಣ್ಣಾದಾಗ ಅವಳು ಹೊಸಿಲಲ್ಲಿ ಕೂತು ಕೊಯ್ದಳು. ಒಡೆಯನ ಹಣ್ಣಿನ ತೊಳೆ ಕೆಂಪಾದರೆ ಇದು ದಾಸವಾಳದ ಕೆಂಪು. ವಾಸನೆ ಕೇರಿ ದಾಟಿತು, ಬಯಲು ದಾಟಿತು, ಒಡೆಯನ ಜಗಲಿ ಹತ್ತಿತು.

ಮರುದಿನ ಒಡೆಯನೇ ಕೇರಿಗೆ ಬಂದ. ಹುಟ್ಟಿದಂದಿನಿಂದ ಅವನು ಕೇರಿಯ ನೆಲ ಮೆಟ್ಟಿದವನಲ್ಲ. ಮರದ ಮುಂದೆ ನಿಂತು, "ಇದು ನನ್ನದು" ಅಂದ.

ಪಂಚಾಯಿತಿ ಸೇರಿತು. ಪಂಚರು ಐವರು. ಐವರೂ ಒಡೆಯನ ಮನೆಯಲ್ಲಿ ಉಂಡವರು.

ಒಡೆಯ ಹೇಳಿದ: "ನನ್ನ ಮರದ ಹಣ್ಣು, ನನ್ನ ಹಣ್ಣಿನ ಬೀಜ, ನನ್ನ ದನದ ಸಗಣಿ. ಇವಳದು ಏನಿದೆ?"

ಹೆಂಗಸು ಸೆರಗು ಬಿಗಿದು ಎದ್ದು ನಿಂತಳು. "ಆ ಸಗಣಿ ನನ್ನ ಕೂಲಿ, ಬುದ್ಧಿ. ನೀವೇ ಅಳೆದು ಕೊಟ್ಟದ್ದು. ಇವತ್ತು ಅದು ನಿಮ್ಮದು ಅಂತ ಇಷ್ಟು ಜನದ ಮುಂದೆ ಹೇಳ್ತಿದ್ದೀರಿ, ಸಂತೋಷ. ಹಾಗಾದರೆ ಇಪ್ಪತ್ತೊಂಬತ್ತು ವರ್ಷ ನೀವೇ ಯಾಕೆ ಬಾಚಲಿಲ್ಲ?"

ಹಿಂದೆ ನಿಂತಿದ್ದ ಕೇರಿಯವರು ನಕ್ಕರು. ಪಂಚರಲ್ಲೂ ಒಬ್ಬ ಮೀಸೆ ಒರೆಸಿಕೊಳ್ಳುವವನಂತೆ ಬಾಯಿ ಮುಚ್ಚಿಕೊಂಡ.

ಅವಳು ಮಡಿಲಿನಿಂದ ಒಂದು ಬೀಜ ತೆಗೆದು ಒಡೆಯನ ಮುಂದೆ ಇಟ್ಟಳು. "ನಿಮ್ಮಿಂದ ಬಂದದ್ದು ಇಷ್ಟು. ತಗೊಳ್ಳಿ. ಇನ್ನು ನನ್ನ ಒಂಬತ್ತು ವರ್ಷ ನನಗೆ ಬಿಡಿ."

ಪಂಚರು ತಲೆಗೆ ತಲೆ ಕೂಡಿಸಿದರು. ಒಡೆಯನ ಕಣ್ಣನ್ನು ಎದುರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಹಿರಿಯ ಪಂಚ ನೆಲ ನೋಡುತ್ತ ಹೇಳಿದ: "ಬೀಜ ಯಾರದೋ ಮರ ಅವರದು. ನಾಳೆ ಹೊತ್ತು ಹುಟ್ಟಿದಲ್ಲಿಂದ ಮರ ಒಡೆಯರಿಗೆ ಸೇರಿದ್ದು."

"ನಾಳೆಯಿಂದ ತಾನೆ ಸ್ವಾಮಿ? ಇವತ್ತು?"

"ಇವತ್ತು ನಿನ್ನದೇ ಅಂದುಕೋ ಹೋಗು."

ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಕೇರಿಗೆ ಬಂದು ಮನೆಮನೆಯ ಬಾಗಿಲು ಬಡಿದಳು. "ಒಂದೊಂದು ಸೌಟು ಹರಳೆಣ್ಣೆ ತನ್ನಿ. ಒಂದೊಂದು ಒಡಕು ಮಡಕೆ ತನ್ನಿ. ಕುಂಟರು ಕುರುಡರು ಅನ್ನದೆ ಎಲ್ಲರೂ ಬನ್ನಿ."

ಉಳಿದ ಒಂಬತ್ತನ್ನೂ ಇಳಿಸಿದಳು. ಆರು ಹಣ್ಣಾಗಿದ್ದವು, ಮೂರು ಚೆನ್ನಾಗಿ ಬಲಿತಿದ್ದವು. ಅಂಟು ಹಿಡಿಯದಂತೆ ಎಲ್ಲರೂ ಕೈಗೆ ಎಣ್ಣೆ ಬಳಿದುಕೊಂಡರು. ಆ ಕೇರಿಯ ಜನ ಮೊದಲ ಸಲ ಯಾರಿಗೂ ಬಾಯಿ ತೆರೆದು ತೋರಿಸದೆ ಆ ಹಣ್ಣು ತಿಂದರು. ಹಳೆಯ ಅಭ್ಯಾಸದಿಂದ ಒಬ್ಬ ಮುದುಕ ಬೀಜ ಉಗುಳಲು ಮಂಕರಿ ಹುಡುಕಿದ. ಅವಳು ಅವನ ಕೈ ಹಿಡಿದಳು.

"ಮಾವ, ಉಗುಳಬೇಡ. ಕೈಗೆ ತಗೋ. ಅದು ನಿನ್ನದು."

ಮುದುಕ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದ.

ಆಮೇಲೆ ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ಬಚ್ಚಿಡಲಿಲ್ಲ. "ಜೋಪಾನ ಅಂತ ಗಂಟು ಕಟ್ಟಿ ಇಡಬೇಡಿ, ಸಾಯುತ್ತೆ. ಇವತ್ತೇ ನೆಡಿ. ನೀರು ನಿಲ್ಲಿಸಬೇಡಿ, ಕೊಳೆಯುತ್ತೆ. ತಾಯಿಬೇರು ಮುಟ್ಟಬೇಡಿ. ಆಡು ತಿಂದರೆ ಎದೆ ಒಡೆದುಕೊಳ್ಳಬೇಡಿ, ಚಿಗುರುತ್ತೆ. ನಾನು ಇರಲಿ ಸಾಯಲಿ, ಒಂಬತ್ತು ವರ್ಷ ಬಿಡಬೇಡಿ."

ಅಂದು ಹೊತ್ತು ಮುಳುಗುವಷ್ಟರಲ್ಲಿ ಕೇರಿಯಲ್ಲಿ ಬೀಜ ಊರದ ಮನೆ ಒಂದೂ ಉಳಿಯಲಿಲ್ಲ.

ಬೆಳಗ್ಗೆ ಒಡೆಯನ ಆಳುಗಳು ಬಂದರು. ಅವಳ ಮರದ ಸುತ್ತ ಬೇಲಿ ಹಾಕಿದರು. ಅವಳ ಹಿತ್ತಲಿಗೆ ಅವಳೇ ಸುತ್ತು ಬಳಸಿ ಹೋಗಬೇಕಾಯಿತು. ಹೋದಳು. ತಲೆ ತಗ್ಗಿಸಲಿಲ್ಲ.

ಊರಿದ ಬೀಜಗಳಲ್ಲಿ ಕೆಲವು ಇಲಿಗೆ ಹೋದವು, ಕೆಲವು ಆಡಿಗೆ. ಕೆಲವರು ಮರೆತರು. ಆದರೂ ಮೂವತ್ತಾರು ಮರ ಎದ್ದವು. ಒಂಬತ್ತನೆಯ ವರ್ಷ ಕೇರಿಯ ತುಂಬ ವಾಸನೆ. ಒಂದರ ತೊಳೆ ಕೆಂಪು, ಒಂದರದು ಹಳದಿ. ಒಂದು ಜೇನು, ಇನ್ನೊಂದು ಸಪ್ಪೆ. ಸಪ್ಪೆ ಬಂದವನೂ ನನ್ನ ಮರ ಎಂದು ಎದೆ ತಟ್ಟಿಕೊಂಡ.

ಒಡೆಯನ ಕಡೆಯವನು ಮತ್ತೆ ಬಂದ. ಕೇರಿಯ ನಡುವೆ ನಿಂತು ಕೂಗಿದ: "ನಮ್ಮ ಒಡೆಯರ ಬೀಜದಿಂದ ಬಂದ ಮರ ಯಾವುದು, ಮರ್ಯಾದೆಯಾಗಿ ತೋರಿಸಿ!"

ಅವಳು ಆಗ ಮುದುಕಿ. ಕೋಲೂರಿಕೊಂಡು ಹೊಸಿಲಿಗೆ ಬಂದಳು. "ಎಲ್ಲವೂ ಕಣಪ್ಪ. ಬೇಲಿಗೆ ಊರಲ್ಲಿರೋ ಮುಳ್ಳು ಸಾಲುತ್ತೇನೋ ನೋಡಿಕೊಂಡು ಬಾ."

ಅವನು ಆ ಮನೆ ನೋಡಿದ, ಈ ಮನೆ ನೋಡಿದ. ಪ್ರತಿ ಬಾಗಿಲಲ್ಲೂ ಒಬ್ಬರು ನಿಂತಿದ್ದರು. ಬಂದ ದಾರಿ ಹಿಡಿದ.

ಗುರು ಕತೆ ಮುಗಿಸಿದ.

ಮೂಡ್ಲಯ್ಯ ಕೇಳಿದ: "ಗುರುವೇ, ಆದರೂ ಅವಳ ಮರ ಅವಳಿಗೆ ದಕ್ಕಲಿಲ್ಲವಲ್ಲ. ನಾಳೆ ಆ ಪಂಡಿತರ ಮುಂದೆ ನಾನು..."

ಗುರು ಅವನ ಮಾತನ್ನು ಅಲ್ಲಿಗೇ ನಿಲ್ಲಿಸಿದ.

"ನಾಳೆಯದು ನಾಳೆಗೆ; ಏಳು, ಹೊತ್ತು ಮುಳುಗುವ ಮೊದಲು ನೀನು ಕಲಿಸಿದ ಇಪ್ಪತ್ತು ಮಂದಿಯನ್ನೂ ಇಪ್ಪತ್ತು ಜಗಲಿಯ ಮೇಲೆ ಮೇಷ್ಟರನ್ನಾಗಿ ಕೂರಿಸು."